ಎಚ್ಚರಿಕೆಯ ನೋಟಿಸ್ ಬರೆಯುವಾಗ ಯಾವ ಪದ ಬಳಸಬೇಕು? ಹಂತ ಹಂತವಾಗಿ ನೋಡೋಣ

ಅಪಾರ್ಟ್‌ಮೆಂಟ್ ಸಂಘದವರು, ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ. "ಎಚ್ಚರಿಕೆ ಅಂತ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ, ವಾಟ್ಸಾಪ್ ಗುಂಪಿಗೂ ಹಾಕಿದ್ದೇವೆ, ಆದರೂ ಜನ ಯಾಕೆ ಕೇಳಲ್ಲ?"

ಬಹಳ ಸಲ ಜನ ಕೇಳಿರುತ್ತಾರೆ. ನೀವು ಬರೆದ ಪದ ಏನು ಹೇಳಿತೋ ಅದನ್ನೇ ಮಾಡಿರುತ್ತಾರೆ. ಡೆಂಗಿ ನೋಟಿಸನ್ನೇ ತೆಗೆದುಕೊಳ್ಳಿ. "ಸುತ್ತಮುತ್ತ ಸ್ವಚ್ಛವಾಗಿಡಿ" ಅಂತ ಬರೆದಿರುತ್ತೀರಿ. ಜನ ಅಂಗಳ ಗುಡಿಸುತ್ತಾರೆ, ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡಲು ಹುಡುಕುವುದು ಕೊಳಚೆ ನೀರನ್ನಲ್ಲ, ನಿಂತ ತಿಳಿ ನೀರನ್ನು. ಬಚ್ಚಲಿನ ಡ್ರಮ್ಮು, ಮುಚ್ಚಳ ಸರಿ ಇಲ್ಲದ ಸಂಪು, ಹಳೆ ಟೈರು, ಹೂಕುಂಡದ ಕೆಳಗಿನ ತಟ್ಟೆ, ಎಳನೀರಿನ ಬುರುಡೆ. ಕಣ್ಣಿಗೆ ಇವು ಯಾವುವೂ ಗಲೀಜಾಗಿ ಕಾಣುವುದಿಲ್ಲ ಅಲ್ವಾ? ನೀವು "ಸ್ವಚ್ಛ" ಅಂದಿರಿ, ಅವರು ಗಲೀಜನ್ನು ಹುಡುಕಿದರು. ಅವರದ್ದೇನೂ ತಪ್ಪಿಲ್ಲ.

ಹಾಗಾಗಿ ಈ ಲೇಖನ. ಇದಕ್ಕೆ ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಸಮಯ. ಜೊತೆಗೆ, ವಿಷಯ ಸರಿಯಾಗಿದೆಯೇ ಅಂತ ನೋಡಿ ಹೇಳಬಲ್ಲ ಒಬ್ಬ ವೈದ್ಯರು ಅಥವಾ ಆರೋಗ್ಯ ಸಿಬ್ಬಂದಿ, ಮತ್ತು ಆ ವಿಷಯ ಏನೂ ಗೊತ್ತಿಲ್ಲದ ಒಬ್ಬರು. ಈ ಕೊನೆಯವರು ಯಾಕೆ ಬೇಕು ಅನ್ನುವುದು ಕೊನೆಯ ಹಂತದಲ್ಲಿ ಬರುತ್ತದೆ.

ಹಂತ 1: ಮೊದಲು ಕೈ ಏನು ಮಾಡಬೇಕು ಅಂತ ಬರೆಯಿರಿ

ತಲೆಬರಹ ಆಮೇಲೆ. ಓದಿದವರ ಕೈ ಏನು ಮಾಡಬೇಕು ಅನ್ನುವುದನ್ನು ಮೊದಲು ಒಂದು ಸಾಲಿನಲ್ಲಿ ಬರೆದುಕೊಳ್ಳಿ. "ಜಾಗೃತಿ ಮೂಡಿಸುವುದು" ಕೈಯಿಂದ ಮಾಡುವ ಕೆಲಸವಲ್ಲ. "ಮುನ್ನೆಚ್ಚರಿಕೆ ವಹಿಸಿ" ಅನ್ನುವುದೂ ಅಲ್ಲ. ಈ ಎರಡನ್ನೂ ನಮ್ಮ ನೋಟಿಸುಗಳಿಂದ ಪೂರ್ತಿ ಕಿತ್ತುಹಾಕಿದರೂ ಏನೂ ನಷ್ಟವಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

"ಪ್ರತಿ ಭಾನುವಾರ ಡ್ರಮ್ಮಿನ ನೀರು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ, ಆಮೇಲೆ ತುಂಬಿಸಿ ಮುಚ್ಚಿ." ಇದು ಕೈ ಮಾಡಬಲ್ಲ ಕೆಲಸ. ಭಾನುವಾರವೇ ಯಾಕೆ ಅಂದರೆ, ಮೊಟ್ಟೆ ಬೆಳೆದು ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು, ವಾರಕ್ಕೊಮ್ಮೆ ಚೆಲ್ಲಿದರೆ ಆ ಸರಪಳಿ ಕಡಿಯುತ್ತದೆ. ಉಜ್ಜುವುದು ಯಾಕೆ ಅಂದರೆ, ಮೊಟ್ಟೆ ಡ್ರಮ್ಮಿನ ಗೋಡೆಗೇ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೂ ಹೋಗುವುದಿಲ್ಲ. ಕಾರಣವನ್ನು ಅರ್ಧ ಸಾಲಿನಲ್ಲಾದರೂ ಹೇಳಿ. ಕಾರಣ ಗೊತ್ತಾದವರು ನೀವು ಪಟ್ಟಿ ಮಾಡದ ಜಾಗವನ್ನೂ ತಾವೇ ಹುಡುಕುತ್ತಾರೆ, ಉದಾಹರಣೆಗೆ ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆ.

ಹಂತ 2: ಹೆಸರನ್ನು ಅನುಮಾನದಿಂದ ನೋಡಿ

ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ರೋಗದ ಹೆಸರು, ಒಂದು ವಸ್ತುವಿನ ಹೆಸರು ಸುಮ್ನೆ ಹೆಸರಾಗಿ ಇರುವುದಿಲ್ಲ. ನೀವು ಮುಂದೆ ಏನೇ ಬರೆಯುವ ಮೊದಲೇ ಅದು ಓದುಗರ ಮನಸ್ಸಿನಲ್ಲಿ ಒಂದು ಚಿತ್ರ ಬರೆದುಬಿಟ್ಟಿರುತ್ತದೆ.

ಮಂಗನ ಕಾಯಿಲೆ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲ ಊರಿನವರಿಗೂ ಜ್ವರ ಬಂತು. ಇಂಗ್ಲಿಷಿನಲ್ಲಿ ಆ ರೋಗಕ್ಕೆ ಕಾಡಿನ ಹೆಸರು ಬಿತ್ತು, ಕನ್ನಡದಲ್ಲಿ ಮಂಗನ ಹೆಸರು. ಹೆಸರು ಕೇಳಿದ ತಕ್ಷಣ ಏನನಿಸುತ್ತದೆ? ಮಂಗ ಕಚ್ಚಿದರೆ, ಮಂಗ ಮುಟ್ಟಿದರೆ ಬರುತ್ತದೆ ಅಂತ. ನಿಜದಲ್ಲಿ ಅದನ್ನು ಮನುಷ್ಯರಿಗೆ ಹರಡುವುದು ಉಣ್ಣೆ. ಉಣ್ಣೆ ಅಂದರೆ ದನದ ಮೈಗೆ, ನಾಯಿಯ ಕಿವಿಗೆ ಕಚ್ಚಿಕೊಂಡು ರಕ್ತ ಕುಡಿಯುವ ಹುಳ. ಕೆಲವು ಕಡೆ ಉಣುಗು ಅನ್ನುತ್ತಾರೆ, ಕೆಲವು ಕಡೆ ಉಣ್ಣಿ. ಅದರ ಮರಿ ಎಳ್ಳಿಗಿಂತ ಚಿಕ್ಕದಿರುತ್ತದೆ, ಕಾಡಿನ ತರಗೆಲೆಯ ಮೇಲಿಂದ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಮಂಗ ನಮ್ಮ ಹಾಗೆಯೇ ಈ ರೋಗಕ್ಕೆ ಸಿಕ್ಕಿ ಸಾಯುವ ಪ್ರಾಣಿ. ಅದು ಸತ್ತಾಗ ಮೈಮೇಲಿನ ಉಣ್ಣೆಗಳು ಕೆಳಗೆ ಉದುರುತ್ತವೆ, ಆ ಜಾಗ ತುಂಬಾ ಅಪಾಯದ್ದಾಗುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಈಗ ಯೋಚಿಸಿ. "ನಮ್ಮ ಕಡೆ ಮಂಗವೇ ಇಲ್ಲ" ಅಂದುಕೊಂಡ ಒಬ್ಬ ಹೆಣ್ಣುಮಗಳು ಕೊಟ್ಟಿಗೆಗೆ ತರಗೆಲೆ ತರಲು ಬರಿಗಾಲಲ್ಲಿ ಕಾಡಿಗೆ ಹೋಗುತ್ತಾಳೆ. ಹೆಸರು ಆಕೆಯ ಕಣ್ಣನ್ನು ಮರದ ಮೇಲಕ್ಕೆ ತಿರುಗಿಸಿದೆ, ಅಪಾಯ ಇರುವುದು ಕಾಲ ಬುಡದಲ್ಲಿ.

ಹಾಗಂತ ಹೆಸರು ಬದಲಾಯಿಸಬೇಕಾ? ನೀವು ಬದಲಾಯಿಸಲು ಹೋಗಬೇಡಿ. ಊರಿನಲ್ಲಿ ನೆಲೆಯೂರಿದ ಹೆಸರನ್ನು ಒಂದು ನೋಟಿಸಿನಿಂದ ತೆಗೆಯಲು ಆಗುವುದಿಲ್ಲ, ಹೊಸ ಹೆಸರು ಹಾಕಿದರೆ ಯಾವ ರೋಗ ಅಂತಲೇ ತಿಳಿಯುವುದಿಲ್ಲ. ಹೆಸರಿನ ಬೆನ್ನಿಗೇ ಚಿತ್ರವನ್ನು ಸರಿ ಮಾಡುವ ಒಂದು ಸಾಲು ಸೇರಿಸಿ: "ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ." ಆಮೇಲೆ ಕೆಲಸ ಬರೆಯಿರಿ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಮೈ ತುಂಬಾ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಪಂಚಾಯಿತಿಗೋ ತಿಳಿಸಿ.

ಹೆಸರಿಡುವವರ ಮಟ್ಟದಲ್ಲಿ ಇದರ ಬಗ್ಗೆ ತಿಳಿವಳಿಕೆ ಬಂದಿದೆ. ಹೊಸ ರೋಗಕ್ಕೆ ಊರಿನ, ಜನಾಂಗದ, ಪ್ರಾಣಿಯ ಹೆಸರಿಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. 2022ರ ನವೆಂಬರಿನಲ್ಲಿ ಮಂಕಿಪಾಕ್ಸ್ ಅನ್ನುವ ಹೆಸರನ್ನು ಎಂಪಾಕ್ಸ್ ಅಂತ ಬದಲಾಯಿಸಿತು.

ಇನ್ನೊಂದು, "ಹುಚ್ಚುನಾಯಿ ಕಡಿತ". ಇದು ಪ್ರಾಣ ತೆಗೆಯುವ ಪದ ಅಂತ ಹೇಳಲು ನಾನು ಹಿಂಜರಿಯುವುದಿಲ್ಲ. ಬೀದಿಯ ನಾಯಿಮರಿ ಆಟವಾಡುತ್ತಾ ಮಗುವಿನ ಕೈ ಪರಚಿತು ಅಂದುಕೊಳ್ಳಿ. ಮನೆಯವರು ಕೇಳುವ ಮೊದಲ ಪ್ರಶ್ನೆ "ನಾಯಿಗೆ ಹುಚ್ಚಿತ್ತಾ?" ಇರಲಿಲ್ಲ ಅಂದರೆ ಅರಿಶಿನ ಹಚ್ಚಿ ಬಿಡುತ್ತಾರೆ. ರೇಬೀಸ್ ವೈರಸ್ಸು ನಾಯಿಯ ಜೊಲ್ಲಿನಲ್ಲಿ, ಅದಕ್ಕೆ ರೋಗದ ಲಕ್ಷಣ ಕಾಣುವ ಕೆಲವು ದಿನ ಮೊದಲೇ ಇರಬಹುದು. ಬೆಕ್ಕು, ಮಂಗ ಕಚ್ಚಿದರೂ ಬರಬಹುದು. ಮನುಷ್ಯರಲ್ಲಿ ಲಕ್ಷಣ ಶುರುವಾದ ಮೇಲೆ ಉಳಿಯುವುದು ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ನೋಟಿಸಿನಲ್ಲಿ "ಹುಚ್ಚುನಾಯಿ" ಅನ್ನಲೇಬೇಡಿ. "ಯಾವ ನಾಯಿ ಕಚ್ಚಿದರೂ, ಪರಚಿದರೂ, ಸಾಕಿದ್ದಾದರೂ" ಅಂತ ಬರೆಯಿರಿ. "ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ಹೇಳಿದ ದಿನಕ್ಕೆ ಎಲ್ಲ ಡೋಸ್ ಮುಗಿಸಿ." ಜೊತೆಗೆ ಇನ್ನೊಂದು ಸಾಲು ಬೇಕು: "ಇಂಜೆಕ್ಷನ್ ತೋಳಿಗೆ ಕೊಡುತ್ತಾರೆ, ಹೊಟ್ಟೆಗಲ್ಲ." ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುವ ಹಳೇ ಮಾತು ಇನ್ನೂ ಜನರನ್ನು ಹೆದರಿಸುತ್ತಿದೆ. ಆ ಹಳೆ ಲಸಿಕೆ ನಮ್ಮ ದೇಶದಲ್ಲಿ ನಿಂತು 20 ವರ್ಷ ಆಗಿದೆ.

ಮೂರನೆಯದು ಹೊಲದ ಮಾತು. "ಔಷಧಿ ಹೊಡೆಯುವುದು." ಕೀಟನಾಶಕವನ್ನು ನಾವೆಲ್ಲ ಔಷಧಿ, ಮದ್ದು ಅಂತಲೇ ಕರೆಯುತ್ತೇವೆ. ಬೆಳೆಗೆ ಔಷಧಿ ಸರಿ, ಹೊಡೆಯುವವರಿಗೆ? ಔಷಧಿ ಅಂದರೆ ಮನೆಯೊಳಗೆ ಇಡುವ ವಸ್ತು, ಕೈಗೆ ತಾಗಿದರೆ ಏನೂ ಆಗದ ವಸ್ತು, ಸ್ವಲ್ಪ ಜಾಸ್ತಿಯಾದರೆ ಇನ್ನೂ ಒಳ್ಳೆಯದು ಅನಿಸುವ ವಸ್ತು. ಅದೇ ಇಲಿಗೆ ಇಡುವುದನ್ನು ಇಲಿ ಪಾಷಾಣ ಅನ್ನುತ್ತೇವೆ. ಪಾಷಾಣ ಅಂದ ಕೂಡಲೇ ಮಕ್ಕಳ ಕೈಗೆ ಸಿಗದ ಜಾಗ ಹುಡುಕುತ್ತೇವೆ. ಎರಡೂ ವಿಷವೇ, ಹೆಸರು ಬೇರೆ, ಅದಕ್ಕೇ ನಡೆದುಕೊಳ್ಳುವ ರೀತಿಯೂ ಬೇರೆ. ನೀವು ರೈತರಿಗಾಗಿ ಬರೆಯುವಾಗ "ಕೀಟನಾಶಕ" ಅಂತ ಪುಸ್ತಕದ ಪದ ಹಾಕಿದರೂ ಸಾಲದು, ಅದು ತಲೆಗೆ ತಾಗುವುದಿಲ್ಲ. "ಹುಳದ ವಿಷ", "ಕಳೆಯ ವಿಷ" ಅಂತ ಬರೆಯಿರಿ. ಕೇಳಲು ಒರಟಾಗಿದೆ, ಆದರೆ ಒಗ್ಗರಣೆ ಸಾಮಾನಿನ ಗೂಡಿನಲ್ಲಿ ಯಾರೂ ಇಡುವುದಿಲ್ಲ, ಖಾಲಿ ಬಾಟಲಿಗೆ ಕುಡಿಯುವ ನೀರು ತುಂಬುವುದಿಲ್ಲ.

ಇಲ್ಲಿನ ಎಡವಟ್ಟು: ಪದವನ್ನು ಒರಟು ಮಾಡುವ ಹುಮ್ಮಸ್ಸಿನಲ್ಲಿ "ಮಾರಣಾಂತಿಕ", "ಮಹಾಮಾರಿ" ಅಂತ ಎಲ್ಲದಕ್ಕೂ ಬರೆಯಬೇಡಿ. ಪ್ರತಿ ಜ್ವರವೂ ಮಹಾಮಾರಿ ಆದರೆ, ನಿಜವಾದದ್ದು ಬಂದಾಗ ಬಳಸಲು ಪದವೇ ಉಳಿಯುವುದಿಲ್ಲ.

ಹಂತ 3: "ಬೇಡಿ"ಯನ್ನು ಸಾಲಿನ ಕೊನೆಗೆ ಬಿಡಬೇಡಿ

ಇದು ಕನ್ನಡದ್ದೇ ತೊಂದರೆ. ನಮ್ಮ ಭಾಷೆಯಲ್ಲಿ ಬೇಡ ಅನ್ನುವುದು ಕ್ರಿಯಾಪದದ ಕೊನೆಯಲ್ಲಿ ಬರುತ್ತದೆ. ಸಾಲು ಉದ್ದವಾದರೆ ಓದುವವರು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಈ ಸಾಲು ನೋಡಿ:

"ಹಾವು ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ದು, ಬಾಯಿಂದ ರಕ್ತ ಹೀರಿ, ಬಿಗಿಯಾಗಿ ಹಗ್ಗ ಕಟ್ಟಬಾರದು."

ಬರೆದವರಿಗೆ ಮೂರೂ ಬೇಡ. ಆದರೆ "ಹೀರಿ" ಅನ್ನುವುದು ಹೀರುವುದಕ್ಕೆ ಹೇಳುವ ಮಾತೂ ಹೌದು, ಅಲ್ವಾ? ಗಾಬರಿಯಲ್ಲಿ ಓದುವವರು ಕೊಯ್ದು ಹೀರಬೇಕು, ಹಗ್ಗ ಮಾತ್ರ ಕಟ್ಟಬಾರದು ಅಂತ ತಿಳಿಯಬಹುದು. ಒಂದೊಂದು ಬೇಡವನ್ನೂ ಬೇರೆ ಸಾಲು ಮಾಡಿ. ಕೊಯ್ಯಬೇಡಿ. ಹೀರಬೇಡಿ. ಹಗ್ಗ ಕಟ್ಟಬೇಡಿ. ಅದಕ್ಕೂ ಮೊದಲು ಏನು ಮಾಡಬೇಕು ಅಂತ ಹೇಳಿ: ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ ಇಡಿ, 108ಕ್ಕೆ ಫೋನ್ ಮಾಡಿ, ಹಾವಿನ ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಹೋಗಿ.

ಗ್ಯಾಸ್ ಸೋರಿಕೆಯ ನೋಟಿಸಿನಲ್ಲೂ ಹೀಗೇ ಆಗುತ್ತದೆ. "ಲೈಟ್ ಹಾಕಬೇಡಿ" ಅಂತ ಬರೆದರೆ, ಉರಿಯುತ್ತಿರುವ ಲೈಟನ್ನು ಆರಿಸಲು ಹೋಗುತ್ತಾರೆ. ಸ್ವಿಚ್ಚಿನೊಳಗೆ ಕಿಡಿ ಹಾರುವುದು ಹಾಕಿದಾಗಲೂ ಆಗಬಹುದು, ಆರಿಸಿದಾಗಲೂ ಆಗಬಹುದು. "ಯಾವ ಸ್ವಿಚ್ಚನ್ನೂ ಮುಟ್ಟಬೇಡಿ" ಅಂತ ಬರೆಯಿರಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ, ಅದಕ್ಕೇ ಮೇಲಿನ ಕಿಟಕಿ ಒಂದನ್ನೇ ತೆಗೆದರೆ ಸಾಲದು.

ಹಂತ 4: "ಭಾರೀ", "ಅಪರೂಪ", "ದುಪ್ಪಟ್ಟು" ಇವುಗಳ ಬದಲು ಲೆಕ್ಕ ಕೊಡಿ

ವಿಶೇಷಣ, ಅಂದರೆ ಬಣ್ಣಿಸುವ ಪದ, ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ ಅಳತೆಯದ್ದು. ಹವಾಮಾನ ಇಲಾಖೆ "ಭಾರೀ ಮಳೆ" ಅಂದಾಗ ಅದಕ್ಕೆ ಲೆಕ್ಕ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರೀ, 115.6ರಿಂದ 204.4 ಆದರೆ ಅತಿ ಭಾರೀ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರೀ. ನಾವು ಮಾತಾಡುವಾಗ ಒಂದು ಗಂಟೆ ಜೋರಾಗಿ ಸುರಿದರೂ ಭಾರೀ ಮಳೆಯೇ. ಹೀಗಾಗಿ ಮುನ್ಸೂಚನೆಯ ಪದ ಕಿವಿಗೆ ಬಿದ್ದರೂ ತೂಕ ತಿಳಿಯುವುದಿಲ್ಲ. ಮಿಲಿಮೀಟರ್ ಅಂತ ಬರೆದರೂ ಹೆಚ್ಚಿನವರಿಗೆ ಅಂದಾಜು ಸಿಗುವುದಿಲ್ಲ, ಹಾಗಾಗಿ ಅದನ್ನು ಕಣ್ಣಿಗೆ ಕಾಣುವಂತೆ ಮಾಡಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 30x40 ಸೈಟಿನ ಮೇಲೆ 115 ಮಿಲಿಮೀಟರ್ ಬಿದ್ದರೆ ಸುಮಾರು 12,800 ಲೀಟರ್, ಅಂದರೆ 6,000 ಲೀಟರಿನ ಎರಡು ಟ್ಯಾಂಕರಿಗಿಂತ ಜಾಸ್ತಿ. ನಿಮ್ಮ ಬೀದಿಯಲ್ಲಿ ಎಷ್ಟು ಸೈಟಿದೆ ಎಣಿಸಿ, ಅಷ್ಟೂ ನೀರು ಒಂದೇ ಮೋರಿಗೆ ಬರಬೇಕು. ಬೇಸ್‌ಮೆಂಟಿನಿಂದ ಗಾಡಿ ತೆಗೆಯಿರಿ ಅಂದರೆ ಈಗ ತೆಗೆಯುತ್ತಾರೆ.

ಶೇಕಡಾವಾರಿನ ವಿಷಯ ಇದಕ್ಕಿಂತ ಸೂಕ್ಷ್ಮ. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ ಹೊರಟಿತು: ಅವು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ದುಪ್ಪಟ್ಟು ಮಾಡುತ್ತವೆ ಅಂತ. ಮಾತು ಸುಳ್ಳಲ್ಲ. ಆದರೆ ಎಷ್ಟರ ದುಪ್ಪಟ್ಟು? 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಹೆದರಿದ ಬಹಳಷ್ಟು ಹೆಂಗಸರು ಮಾತ್ರೆ ನಿಲ್ಲಿಸಿದರು. ಮುಂದಿನ ಒಂದು ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅಂದಾಜು 13,000 ಗರ್ಭಪಾತ ಹೆಚ್ಚುವರಿಯಾಗಿ ಆದವು. ಬಸಿರಲ್ಲೂ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಅದೂ ಆ ಮಾತ್ರೆಗಿಂತ ಜಾಸ್ತಿ. ಒಂದು ಪದ, ಅದರ ಹಿಂದಿನ ಲೆಕ್ಕವನ್ನು ಬಿಟ್ಟು ಓಡಿತು.

ಹಾಗಾಗಿ "ದುಪ್ಪಟ್ಟು", "ಶೇ. 50 ಹೆಚ್ಚಳ" ಅನ್ನುವುದು ಕಂಡರೆ ಅಲ್ಲೇ ನಿಲ್ಲಿ. ಮೊದಲು ಎಷ್ಟು ಜನರಲ್ಲಿ ಎಷ್ಟು, ಈಗ ಎಷ್ಟು ಅಂತ ಕೇಳಿ. ಸಿಗದಿದ್ದರೆ ಆ ಸಾಲನ್ನು ಮುಂದಕ್ಕೆ ಕಳಿಸಬೇಡಿ. ಬರೆಯುವಾಗ ಕೆಳಗಿನ ಸಂಖ್ಯೆ ಒಂದೇ ಇಡಿ. "200ರಲ್ಲಿ ಒಬ್ಬರು" ಮತ್ತು "25ರಲ್ಲಿ ಒಬ್ಬರು" ಅಂತ ಅಕ್ಕಪಕ್ಕ ಬರೆದರೆ 200 ದೊಡ್ಡದಾಗಿ ಕಾಣುವುದರಿಂದ ಮೊದಲನೆಯದೇ ಜಾಸ್ತಿ ಅಪಾಯ ಅನಿಸುವವರು ಇದ್ದಾರೆ. ಸಾವಿರದಲ್ಲಿ 5, ಸಾವಿರದಲ್ಲಿ 40 ಅಂತ ಬರೆಯಿರಿ.

"ಅಪರೂಪ" ಅನ್ನುವುದಕ್ಕೂ ಯುರೋಪಿನಲ್ಲಿ ಔಷಧಿಯ ಪ್ಯಾಕಿನ ಜೊತೆ ಬರುವ ಚೀಟಿಯಲ್ಲಿ ಅಳತೆ ಇದೆ. ಅಡ್ಡ ಪರಿಣಾಮ 10,000 ಜನರಲ್ಲಿ 1ರಿಂದ 10 ಜನರಿಗೆ ಆದರೆ ಅಪರೂಪ, 100ರಲ್ಲಿ 1ರಿಂದ 10 ಜನರಿಗೆ ಆದರೆ ಸಾಮಾನ್ಯ. "ಸಾಮಾನ್ಯ" ಅಂತ ಓದಿದವರಿಗೆ ಅರ್ಧಕ್ಕರ್ಧ ಜನಕ್ಕೆ ಆಗುತ್ತದೇನೋ ಅನಿಸುತ್ತದೆ. ಪದ ಬೇಕಿದ್ದರೆ ಇರಲಿ, ಪಕ್ಕದಲ್ಲೇ ಲೆಕ್ಕ ಇರಲೇಬೇಕು.

ಇನ್ನು, ಉಳಿಯುವವರನ್ನು ಹೇಳಬೇಕಾ, ಸಾಯುವವರನ್ನು ಹೇಳಬೇಕಾ? 1982ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಬೇಕಾ, ರೇಡಿಯೇಷನ್ ಬೇಕಾ ಅಂತ ಕೇಳಿದ್ದರು. ಆಪರೇಷನ್ನಿನಲ್ಲಿ ನೂರಕ್ಕೆ 90 ಜನ ಉಳಿಯುತ್ತಾರೆ ಅಂದಾಗ ಅದನ್ನು ಆರಿಸಿದವರು, ನೂರಕ್ಕೆ 10 ಜನ ಸಾಯುತ್ತಾರೆ ಅಂದಾಗ ಕಡಿಮೆಯಾದರು. ಲೆಕ್ಕ ಒಂದೇ. ಡಾಕ್ಟರುಗಳೂ ಹಾಗೇ ಮಾಡಿದ್ದರು. ಅದಕ್ಕೇ ಎರಡನ್ನೂ ಬರೆಯಿರಿ: ನೂರರಲ್ಲಿ 90 ಜನ ಉಳಿಯುತ್ತಾರೆ, 10 ಜನ ಉಳಿಯುವುದಿಲ್ಲ.

ಹಂತ 5: ಬಣ್ಣವೂ ಒಂದು ಪದವೇ

ಹವಾಮಾನದ ಅಲರ್ಟಿನಲ್ಲಿ ಹಸಿರು ಅಂದರೆ ಎಚ್ಚರಿಕೆ ಏನಿಲ್ಲ, ಹಳದಿ ಅಂದರೆ ಗಮನಿಸುತ್ತಿರಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. ಕೀಟನಾಶಕದ ಡಬ್ಬಿಯ ಮೇಲಿನ ವಜ್ರದಾಕಾರದ ಗುರುತಿನಲ್ಲಿ ಕೆಳಗಿನ ಅರ್ಧದ ಬಣ್ಣ ಬೇರೆಯದ್ದೇ ಹೇಳುತ್ತದೆ. ಕೆಂಪು ಅತ್ಯಂತ ಹೆಚ್ಚು ವಿಷ. ಹಳದಿ ಹೆಚ್ಚು ವಿಷ. ನೀಲಿ ಮಧ್ಯಮ. ಹಸಿರು ಸ್ವಲ್ಪ ವಿಷ. ಟಿವಿಯಲ್ಲಿ ಹಳದಿ ಅಂದರೆ ಸುಮ್ನೆ ನೋಡ್ತಾ ಇರಿ ಅಂತ ಕಲಿತ ರೈತರು ಡಬ್ಬಿಯ ಮೇಲೆ ಅದೇ ಹಳದಿ ಕಂಡರೆ ಏನಂದುಕೊಳ್ಳಬೇಕು? ಹಸಿರು ಕಂಡರೆ ಗಿಡಮೂಲಿಕೆಯದ್ದು ಅಂದುಕೊಳ್ಳುವುದಕ್ಕೂ ದಾರಿ ಇದೆ. ನೀವು ಬಣ್ಣ ಬಳಸಿದರೆ ಅದರ ಅರ್ಥವನ್ನು ಪಕ್ಕದಲ್ಲೇ ಅಕ್ಷರದಲ್ಲಿ ಬರೆಯಿರಿ. ಜೆರಾಕ್ಸ್ ಮಾಡಿದಾಗ ಬಣ್ಣ ಹೇಗಿದ್ದರೂ ಹೋಗುತ್ತದೆ.

ಹಂತ 6: ಮನುಷ್ಯರನ್ನು ರೋಗದ ಹೆಸರಿನಿಂದ ಕರೆಯಬೇಡಿ

2020 ನೆನಪಿಸಿಕೊಳ್ಳಿ. "ಶಂಕಿತ" ಅನ್ನುವ ಪದ ಪೊಲೀಸ್ ಸುದ್ದಿಯಿಂದ ನೇರ ಆರೋಗ್ಯದ ಸುದ್ದಿಗೆ ಬಂತು. ಕೆಮ್ಮುವವರು ಶಂಕಿತರಾದರು, ಅವರ ಮನೆ "ಸೀಲ್‌ಡೌನ್" ಆಯಿತು. ತಪ್ಪು ಮಾಡಿದವರಿಗೆ ಹೇಳುವ ಮಾತನ್ನು ಜ್ವರ ಬಂದವರಿಗೆ ಹೇಳಿದರೆ, ಜ್ವರ ಬಂದವರು ತಪ್ಪು ಮಾಡಿದವರ ಹಾಗೆಯೇ ಅಡಗುತ್ತಾರೆ. ಅಡಗಿದರೆ ಪರೀಕ್ಷೆ ಇಲ್ಲ, ಚಿಕಿತ್ಸೆ ಇಲ್ಲ, ಮನೆಯ ಅಜ್ಜಿಗೂ ಹರಡುತ್ತದೆ. ಕ್ಷಯ, ಕುಷ್ಠದ ವಿಷಯದಲ್ಲಿ ಈ ನೋವು ಇನ್ನೂ ಹಳೆಯದು. ಎರಡೂ ಮಾತ್ರೆಯಿಂದ ಗುಣವಾಗುತ್ತವೆ, ಆದರೂ ಪದಕ್ಕೆ ಹೆದರಿ ಜನ ಆಸ್ಪತ್ರೆಗೆ ತಡವಾಗಿ ಬರುತ್ತಾರೆ. "ಕ್ಷಯ ಇರುವವರು", "ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುವವರು" ಅಂತ ಬರೆಯಲು ಎರಡು ಪದ ಜಾಸ್ತಿ ಬೇಕು, ಅಷ್ಟೇ. ಮನೆ ನಂಬರ್, ಹೆಸರು ಯಾವತ್ತೂ ಹಾಕಬೇಡಿ.

ಹಂತ 7: "ಆತಂಕ ಪಡುವ ಅಗತ್ಯವಿಲ್ಲ" ಅನ್ನುವುದನ್ನು ಅಳಿಸಿ

ಹೆದರಬೇಡಿ ಅಂದ ಕೂಡಲೇ ಏನೋ ಇದೆ ಅಂತ ಹೆದರಿಕೆಯಾಗುತ್ತದೆ. ಆ ಜಾಗದಲ್ಲಿ ಗೊತ್ತಿರುವುದನ್ನೂ, ಇನ್ನೂ ಗೊತ್ತಾಗಬೇಕಿರುವುದನ್ನೂ ಬರೆಯಿರಿ. "ಬೋರ್‌ವೆಲ್ ನೀರಿನ ಮಾದರಿ ಇವತ್ತು ಲ್ಯಾಬಿಗೆ ಹೋಗಿದೆ. ಫಲಿತಾಂಶ ಬರುವವರೆಗೆ ಕುಡಿಯುವ ನೀರನ್ನು ಕುದಿಸಿ ಕುಡಿಯಿರಿ. ಫಲಿತಾಂಶ ಬಂದ ದಿನವೇ ಇಲ್ಲಿ ಹಾಕುತ್ತೇವೆ." ಇಷ್ಟು ಹೇಳಿದರೆ ಜನ ಕಾಯುತ್ತಾರೆ. "ಕುದಿಸಿ" ಅನ್ನಿ, "ಕಾಯಿಸಿ" ಅನ್ನಬೇಡಿ. ಕಾಯಿಸಿದ ನೀರು ಅಂದರೆ ಕೆಲವರಿಗೆ ಸ್ನಾನದಷ್ಟು ಬಿಸಿ. "ಗುಳ್ಳೆ ಎದ್ದು ಮಳ್ಳಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ" ಅಂದರೆ ಅನುಮಾನ ಉಳಿಯುವುದಿಲ್ಲ.

ಹಂತ 8: ಒಬ್ಬರಿಗೆ ಓದಲು ಕೊಟ್ಟು ಪ್ರಶ್ನೆ ಕೇಳಿ

ಮೊದಲು ಹೇಳಿದ ಆ ವಿಷಯ ಗೊತ್ತಿಲ್ಲದವರು ಈಗ ಬೇಕು. ಮನೆಗೆಲಸಕ್ಕೆ ಬರುವ ಅಕ್ಕ, ಸೆಕ್ಯುರಿಟಿಯವರು, ಪಕ್ಕದ ಮನೆಯ ಅಜ್ಜ, ಯಾರಾದರೂ ಸರಿ. ಅವರ ಕೈಗೆ ಹಾಳೆ ಕೊಡಿ, ಅಕ್ಷರ ಬಾರದಿದ್ದರೆ ಒಮ್ಮೆ ಓದಿ ಹೇಳಿ. "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ, ಎಲ್ಲರೂ ಮರ್ಯಾದೆಗೆ ಹೂಂ ಅನ್ನುತ್ತಾರೆ. "ಇದನ್ನು ಕೇಳಿದ ಮೇಲೆ ಮನೆಗೆ ಹೋಗಿ ಮೊದಲು ಏನು ಮಾಡ್ತೀರಿ?" ಅಂತ ಕೇಳಿ. ಹಂತ 1ರಲ್ಲಿ ನೀವು ಬರೆದಿಟ್ಟ ಸಾಲನ್ನು ಅವರು ತಮ್ಮ ಮಾತಿನಲ್ಲಿ ಹೇಳಿದರೆ ನೋಟಿಸ್ ತಯಾರಾಗಿದೆ. ಬೇರೆ ಏನಾದರೂ ಹೇಳಿದರೆ ಅವರನ್ನು ತಿದ್ದಬೇಡಿ, ಹಾಳೆಯನ್ನು ತಿದ್ದಿ. ಅವರು ಬಳಸಿದ ಪದ ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಅದನ್ನೇ ತೆಗೆದುಕೊಳ್ಳಿ, ನಿಮ್ಮ ಊರಿನಲ್ಲಿ ಉಣ್ಣೆಗೆ ಏನನ್ನುತ್ತಾರೆ ಅನ್ನುವುದು ಗೊತ್ತಾಗುವುದೂ ಹೀಗೆಯೇ.

ಆಮೇಲೆ ಕೆಳಗೆ ದಿನಾಂಕ ಹಾಕಿ, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ನಂಬರ್ ಬರೆದು ಅಂಟಿಸಿ. ಅಪಾಯ ಮುಗಿದ ದಿನ ನೀವೇ ಹೋಗಿ ಕಿತ್ತು ತೆಗೆಯಿರಿ. ಹೋದ ಮಳೆಗಾಲದ ನೋಟಿಸ್ ಗೋಡೆಯ ಮೇಲೆ ಹಾಗೇ ಇದ್ದರೆ, ಈ ಮಳೆಗಾಲದ್ದನ್ನು ಅದರ ಪಕ್ಕದಲ್ಲಿ ಅಂಟಿಸಿದಾಗ ಯಾರೂ ತಿರುಗಿ ನೋಡುವುದಿಲ್ಲ.